ವೈರಿ ಇಳಿಯದ ಆಟ

ನೂರಾರು ಹಳೆಯ ವಿಡಿಯೋ ಆಟಗಳಿರುವ ಡಬ್ಬಿಯನ್ನು ಆನ್‌ಲೈನ್‌ನಲ್ಲಿ ತರಿಸಿ, ಅದರಲ್ಲಿ ಎಲ್ಲಕ್ಕಿಂತ ಕೆಟ್ಟ ಆಟವನ್ನೇ ಹುಡುಕಿ ತೆಗೆದವನು ಇಡೀ ಬೆಟಗೇರಿಯಲ್ಲಿ ನಾನೊಬ್ಬನೇ ಇರಬೇಕು. ನನ್ನ ಹೆಂಡತಿಯೂ ಅದನ್ನೇ ಹೇಳಿದಳು. ಹುಲಕೋಟಿಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ಮಾಸ್ತರ ಮನೆಗೆ ಬಂದವನೇ ಟಿವಿ ಹಿಂದೆ ತಲೆ ತೂರಿಸಿ ವೈರು ಸಿಕ್ಕಿಸುತ್ತಿದ್ದರೆ ಯಾರಿಗಾದರೂ ನಗು ಬರುತ್ತದೆ.

ಆ ಆಟಕ್ಕೂ ನನಗೂ ಹಳೆಯ ಜಗಳವಿದೆ. ನಾನು ಚಿಕ್ಕವನಿದ್ದಾಗ ಅಪ್ಪ ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದಿದ್ದ, ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಅದರ ಮೇಲೆ ಮೂರು ಕಣ್ಣಿನ ರಾಕ್ಷಸ, ಬೆಂಕಿ ಉಗುಳುವ ರಾಕೆಟ್ಟು, ಹಿಂದೆ ಒಡೆದು ಬೀಳುತ್ತಿರುವ ಚಂದ್ರ. ಓಣಿಯ ಹುಡುಗರೆಲ್ಲ ಬಂದು ಕುಳಿತರು. ಹಾಕಿ ನೋಡಿದರೆ ಕಪ್ಪು ಪರದೆ, ಅಡಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ಅದೇ ರಾಕೆಟ್ಟಂತೆ. ರಾಕ್ಷಸರೆಂದರೆ ಬೂದು ಬಣ್ಣದ ಚೌಕಗಳು. ಮೇಲಿನ ಅಂಚಿನಲ್ಲಿ ಅರ್ಧ ಮೈ ತೋರಿಸಿ ಸಾಲಾಗಿ ನಿಂತುಬಿಡುತ್ತಿದ್ದವು. ನಾವು ಗುಂಡು ಹಾರಿಸಿದರೆ ಮಾತ್ರ ಇಳಿಯುತ್ತಿದ್ದವು, ಇಳಿದರೆ ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿಯುತ್ತಿತ್ತು. ಹಾರಿಸದಿದ್ದರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹೊರಗೆ ಥಳುಕು, ಒಳಗೆ ಹುಳುಕು. ಸಿಟ್ಟಿಗೆ ನಾನು ಅವತ್ತು ಊಟ ಬಿಟ್ಟೆ. ಆದರೆ ಸುಮ್ಮನೆ ಕಾಯುತ್ತ ನಿಂತ ಆ ಬೂದು ಸಾಲನ್ನು ನೋಡಿದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗುತ್ತಿತ್ತು.

ಇಡೀ ಆಟಕ್ಕೆ ಒಂದೇ ಸದ್ದು. ರಾಕೆಟ್ಟು ಪರದೆಯ ಅಂಚಿಗೆ ತಾಗಿದಾಗ ಟಕ್ ಎನ್ನುತ್ತಿತ್ತು. ನಮ್ಮ ಟಿವಿ ಇದ್ದದ್ದು ಮಗ್ಗದ ಕೋಣೆಯಲ್ಲಿ. ಅಪ್ಪನ ತಂಗಿ, ನನ್ನ ಸೋದರತ್ತೆ, ಅಲ್ಲೇ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಬಲಗೈ ಹಗ್ಗದ ಹಿಡಿಕೆಯನ್ನು ಜಗ್ಗಿದರೆ ಲಾಳಿ ಒಂದು ತುದಿಯಿಂದ ಇನ್ನೊಂದಕ್ಕೆ ಓಡುತ್ತಿತ್ತು, ಎಡಗೈ ಹಲಗೆ ಬಡಿದು ಎಳೆಯನ್ನು ಕೂಡಿಸುತ್ತಿತ್ತು. ನನ್ನ ಟಕ್ಕು ಅವಳ ಟಕ್ಕಿಗೆ ಅಡ್ಡ ಬಂದು ಅವಳ ಕೈ ತಪ್ಪುತ್ತಿತ್ತು. "ಆಡಿದ್ರ ನನ್ನ ಕೈ ನೋಡಿ ಆಡು, ಇಲ್ಲಾಂದ್ರ ಬಂದ್ ಮಾಡು" ಎಂದಳು. ಅಂದಿನಿಂದ ನಾನು ಗುಂಡಿನ ಗೊಡವೆ ಬಿಟ್ಟು, ಅವಳ ಲಾಳಿ ಓಡಿದಂತೆ ರಾಕೆಟ್ಟನ್ನು ಆಚೆ ಈಚೆ ಓಡಿಸಿದೆ. ಆ ಆಟದಿಂದ ನನಗೆ ಸಿಕ್ಕ ಸುಖ ಅಷ್ಟೇ.

ಈ ವರ್ಷ ಬಿಸಿಲು ಏರುವ ಮುಂಚೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು. ವ್ಯಾಯಾಮ ಮಾಡಿಸುವ ಡಾಕ್ಟರು ಪ್ರತಿ ಸಲ ತಮ್ಮ ಬೆರಳನ್ನು ಅವಳ ಬಲ ಅಂಗೈಯಲ್ಲಿಟ್ಟು ಗಟ್ಟಿಯಾಗಿ ಹಿಡಿಯಲು ಹೇಳುತ್ತಿದ್ದರು. ಅವಳು ಅವರ ಮುಖ ನೋಡುತ್ತಿದ್ದಳು, ಬೆರಳು ಹಿಡಿಯುತ್ತಿರಲಿಲ್ಲ. ಕೈ ಬೇಗ ಹಿಡಿತ ಕಲಿಯದಿದ್ದರೆ ಮುದುಡಿ ಹಾಗೇ ಸೆಟೆದುಕೊಳ್ಳುತ್ತದೆ, ಆಮೇಲೆ ಬರುವುದಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ನನಗೆ ಅನ್ನ ಸೇರದಂತಾಯಿತು. ಮಗ್ಗದ ಮೇಲೆ ಹಸಿರು ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ನೇಯ್ದವರೇ ಮುಗಿಸಬೇಕು, ಬೇರೆಯವರು ಹಾಸಿನ ಎಳೆಗಳಿಗೆ ಕತ್ತರಿ ಹಾಕಬಾರದು ಎಂಬುದು ನಮ್ಮ ಮನೆಯ ಕಟ್ಟು. ಆ ಸೀರೆ ಮುಗಿಯುವುದೂ ಇಲ್ಲ, ಇಳಿಯುವುದೂ ಇಲ್ಲ.

ಹೊತ್ತು ಹೋಗಲಿ, ಎಡಗೈಯಾದರೂ ಚುರುಕಾಗಲಿ ಎಂದು ಆ ಡಬ್ಬಿ ತರಿಸಿದೆ. ಬೆಟ್ಟ ಅಗೆದು ಇಲಿ ಹಿಡಿದಂತೆ ನಮ್ಮ ಹಳೆಯ ಆಟವನ್ನು ಹುಡುಕಿ ಹಚ್ಚಿದೆ. ಅದು ಎಳ್ಳಷ್ಟೂ ಸುಧಾರಿಸಿರಲಿಲ್ಲ. ನನ್ನ ಮಗಳು ಮೇಲೆ ನಿಂತ ಬೂದು ಸಾಲನ್ನು ನೋಡಿ "ಇದು ಹ್ಯಾಂಗ್ ಆಗೇತಿ" ಎಂದು ಎದ್ದು ಹೋದಳು. ಅತ್ತೆ ಮಾತ್ರ ತನ್ನ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈ ಹೆಬ್ಬೆರಳಿನಿಂದ ರಾಕೆಟ್ಟನ್ನು ಓಡಿಸಿದಳು. ಆ ತುದಿಗೆ ಟಕ್, ಈ ತುದಿಗೆ ಟಕ್. ಗುಂಡು ಹಾರಿಸುವ ಗುಂಡಿಯನ್ನು ಅವಳು ಮುಟ್ಟಲೇ ಇಲ್ಲ.

ದಿನಾ ಮಧ್ಯಾಹ್ನ ಬಿಸಿಲಿಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದೇ ನಡೆಯಿತು. ರಜೆಯಿದ್ದ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಪರದೆಯ ಬೆಳಕು ಮಗ್ಗದ ಎಳೆಗಳ ಮೇಲೆ ಬಿದ್ದು ಅವು ಅಲುಗಿದಂತೆ ಕಾಣುತ್ತಿತ್ತು. ಕಣ್ಣೆದುರು ನಿಂತುಹೋದ ಮಗ್ಗ, ಕಿವಿಯಲ್ಲಿ ನಡೆಯುವ ಮಗ್ಗದ ಸದ್ದು. ನಾನು ಮಗ್ಗಕ್ಕೆ ಬೆನ್ನು ಮಾಡಿ ಕೂರಲು ಶುರುಮಾಡಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಖಾಲಾ ಬಂದಳು. ನಮ್ಮ ಪಕ್ಕದ ಮನೆಯವಳು, ಅತ್ತೆಯ ಲಾಳಿಗೆ ಬೇಕಾದ ನೂಲನ್ನು ಕಂಡಿಕೆಯ ಪುಟ್ಟ ಕೊಳವೆಗೆ ಸುತ್ತಿಕೊಡುತ್ತಲೇ ಮುದುಕಿಯಾದವಳು. ನಾವೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಕೈಯಲ್ಲಿದ್ದ ಬುಟ್ಟಿಯ ತುಂಬ ಹಸಿರು ನೂಲಿನ ಕಂಡಿಕೆಗಳು. ಬಾಗಿಲಲ್ಲೇ ನಿಂತು ಕೇಳಿದಳು.

"ಮಗ್ಗ ಮತ್ತ ಹೂಡೀರಿ, ನನಗ ಯಾಕ ಖಬರ ಕೊಡಲಿಲ್ಲ?"

ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಕೇಳಿದರೆ ಅದು ಯಾರ ಕೈ ಎಂದು ಹೇಳುತ್ತಾರೆ. ಅತ್ತೆಯದು ಕೊಂಚ ತಡೆದು ಬೀಳುವ ಕೈ. ಆ ಸದ್ದು ಗೋಡೆ ದಾಟಿ ಬಂದಾಗ ಖಾಲಾ ಮೂಲೆಯ ರಾಟೆ ಒರೆಸಿ, ಉಳಿದಿದ್ದ ನೂಲನ್ನೆಲ್ಲ ಸುತ್ತಿದ್ದಳು. ನಾನು ನಾಚಿಕೆಯಿಂದ ಟಿವಿ ತೋರಿಸಿದೆ. ಅವಳು ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕುಳಿತು ಬಹಳ ಹೊತ್ತು ನೋಡಿದಳು. ಮೇಲೆ ನಿಂತವರು ಯಾರು ಎಂದು ಕೇಳಿದಳು. ವೈರಿಗಳು ಎಂದೆ. ಮತ್ತೆ ಯಾಕೆ ಬರುತ್ತಿಲ್ಲ ಎಂದಳು. ನಾವು ಕರೆದಿಲ್ಲ, ಅದಕ್ಕೆ ಎಂದೆ. ಅವಳು ಕುಳಿತಲ್ಲೇ ತುಸು ಹಿಂದಕ್ಕೆ ಸರಿದಳು.

ಆಗ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು, ಟಕ್ಕೂ ನಿಂತಿತು. ಆ ಮಬ್ಬಿನಲ್ಲಿ ಖಾಲಾ ತಲೆ ವಾಲಿಸಿ ಕಿವಿಗೊಟ್ಟಳು.

"ಮಗ್ಗ ಇನ್ನಾ ನಿಂತಿಲ್ಲ" ಎಂದಳು.

ನನಗೂ ಕೇಳಿಸಿತು. ಸಣ್ಣ ಸದ್ದು, ಕೊಂಚ ತಡೆದು, ಮತ್ತೆ ಸಣ್ಣ ಸದ್ದು. ಕತ್ತು ತಿರುಗಿಸಲು ಧೈರ್ಯ ಬರಲಿಲ್ಲ. ಕೊನೆಗೂ ತಿರುಗಿದರೆ ಮಗ್ಗ ಅಲುಗುತ್ತಿರಲಿಲ್ಲ. ಸದ್ದು ಬರುತ್ತಿದ್ದದ್ದು ಅತ್ತೆಯ ಕುರ್ಚಿಯಿಂದ. ಅವಳ ಗಾಜಿನ ಬಳೆ ಕುರ್ಚಿಯ ಕಬ್ಬಿಣಕ್ಕೆ ತಾಗುತ್ತಿತ್ತು, ಬಲಗೈ ಬಳೆ. ಅಷ್ಟು ದಿನ ಪಕ್ಕದಲ್ಲೇ ಕುಳಿತು ನಾನು ಪರದೆಯನ್ನಷ್ಟೇ ನೋಡಿದ್ದೆ. ಸತ್ತಿತೆಂದುಕೊಂಡಿದ್ದ ಆ ಕೈ ಗಾಳಿಯಲ್ಲಿ ಇಲ್ಲದ ಹಗ್ಗವನ್ನು ಜಗ್ಗುತ್ತಿತ್ತು. ಅತ್ತೆಯ ಕಣ್ಣು ಇನ್ನೂ ಕಪ್ಪು ಪರದೆಯ ಮೇಲಿತ್ತು. ನನಗೆ ಖುಷಿಗಿಂತ ಮೊದಲು ಭಯವಾಯಿತು.

ಖಾಲಾ ಎದ್ದು ಹೋಗಿ ಮಗ್ಗದಿಂದ ಹಗ್ಗದ ಹಿಡಿಕೆಯನ್ನು ಬಿಚ್ಚಿ ತಂದಳು. ಅತ್ತೆಯ ಅಂಗೈ ತಾಗಿ ತಾಗಿ ಕಪ್ಪಗೆ ನುಣುಪಾದ ಕಟ್ಟಿಗೆ ಅದು. ಅದನ್ನು ಆ ಕೈಯೊಳಗಿಟ್ಟು ಹಗ್ಗದ ತುದಿಯನ್ನು ತಾನು ಹಿಡಿದುಕೊಂಡಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು, ಹಗ್ಗ ಖಾಲಾಳ ಕೈಯನ್ನು ಮುಂದಕ್ಕೆ ಎಳೆಯಿತು.

ಸಂಜೆ ಅತ್ತೆಗೆ ಊಟ ಮಾಡಿಸುವಾಗ ಹಿಡಿಕೆಯನ್ನು ತೆಗೆದಿಡಲು ಹೋದೆ. ಅವಳು ನನ್ನನ್ನು ನೋಡಿದಳು. ಇನ್ನೂ ಸ್ವಲ್ಪ ಜೋರಾಗಿ ಎಳೆದೆ. ಬಿಡಲಿಲ್ಲ.