ಯೋಗರಾಜ್ ಮೇಷ್ಟ್ರು ಹಂಚಿದ ದೇಶಗಳು

ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರ ಯೋಗರಾಜ್ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಹನ್ನೆರಡು ಮಿಷನ್‌ಗಳು ಬೆಳಗಿನಿಂದ ಸಂಜೆವರೆಗೆ ಟಕಟಕ ಅನ್ನುತ್ತಿದ್ದವು. ಅಲ್ಲಿ ಕಲಿತ ಎಷ್ಟೋ ಜನ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾದರು. ಆಮೇಲೆ ಕಂಪ್ಯೂಟರ್ ಬಂತು. 2001ರ ಹೊತ್ತಿಗೆ ಮಿಷನ್‌ಗಳ ಧೂಳು ಒರೆಸುವುದಷ್ಟೇ ಮೇಷ್ಟ್ರಿಗೆ ಉಳಿದ ಕೆಲಸ.

"ನೀವೂ ಕಂಪ್ಯೂಟರ್ ಕಲೀರಿ" ಎಂದು ಹೆಂಡತಿ ಧನಲಕ್ಷ್ಮಿ ಹೇಳಿ ಸಾಕಾದರು. ಊರಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆದಿದ್ದ ತಮ್ಮ ಹಳೇ ಶಿಷ್ಯನ ಮುಂದೆ ಹೋಗಿ ಕೂರಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಪೇಪರಿನಲ್ಲೊಂದು ಫೋಟೋ ಕಣ್ಣಿಗೆ ಬಿತ್ತು. ಯಾವುದೋ ದೂರದೇಶದ ಸಭೆಯಲ್ಲಿ ಹೈಸ್ಕೂಲು ಮಕ್ಕಳು ಕೋಟು ತೊಟ್ಟು ವಿಶ್ವಶಾಂತಿಯ ಮಾತಾಡುತ್ತಿದ್ದರು. ಮರುತಿಂಗಳೇ ಬೋರ್ಡು ಬದಲಾಯಿತು: 'ಅಂತಾರಾಷ್ಟ್ರೀಯ ಶಾಂತಿ ಮತ್ತು ಯುವ ರಾಜತಾಂತ್ರಿಕ ತರಬೇತಿ ಕೇಂದ್ರ'. ಕೆಳಗೆ ಸಣ್ಣಕ್ಷರದಲ್ಲಿ, 'ಜೆರಾಕ್ಸ್ ಮಾಡಿಕೊಡಲಾಗುವುದು'.

ಮೇಷ್ಟ್ರು ರಾಜ್ಯದ ಗಡಿ ದಾಟಿದ್ದು ಒಂದೇ ಸಲ, ತಿರುಪತಿಗೆ. ಆದರೂ ಭಾನುವಾರ ಬರುವ ಹತ್ತು ಮಕ್ಕಳಿಗೆ ಕೈ ಎಷ್ಟು ಹೊತ್ತು ಕುಲುಕಬೇಕು, ಸಿಟ್ಟು ಬಂದಾಗ ಹೇಗೆ ನಗಬೇಕು, 'ಆಗಲ್ಲ' ಅನ್ನುವ ಕಡೆ 'ಪರಿಶೀಲಿಸೋಣ' ಅನ್ನುವುದು ಹೇಗೆ ಎಂದೆಲ್ಲ ಕಲಿಸಿದರು. ಮಕ್ಕಳು ಬರೆದ ಒಪ್ಪಂದದಲ್ಲಿ ಯುದ್ಧ ನಿಂತಿತೋ ಇಲ್ಲವೋ ಅವರು ನೋಡುತ್ತಿರಲಿಲ್ಲ. ಮಾರ್ಜಿನ್ ಸರಿಯಿದೆಯೇ ಎಂದು ಮಾತ್ರ ಸ್ಕೇಲಿಟ್ಟು ಅಳೆಯುತ್ತಿದ್ದರು.

ಮೂರು ತಿಂಗಳ ಮೇಲೆ ರವೀಂದ್ರನಗರದಲ್ಲಿ ಮಕ್ಕಳ ಶಾಂತಿ ಸಮ್ಮೇಳನ ನಡೆಸುವುದೆಂದಾಯಿತು. ಒಬ್ಬೊಬ್ಬರು ಒಂದೊಂದು ದೇಶದ ಪ್ರತಿನಿಧಿಯಾಗಿ ಕೂರಬೇಕು. ಮುಖ್ಯ ಅತಿಥಿ ರೈಸ್‌ಮಿಲ್ ಹಾಲೇಶಪ್ಪ. ಶಾಮಿಯಾನ, ಮೈಕು, ಉಪ್ಪಿಟ್ಟು ಎಲ್ಲ ಅವರದೇ. ಹಾಗಾಗಿ ಅವರ ಮಗಳು ಹೇಮಶ್ರೀಗೆ ಭಾರತ ಸಿಕ್ಕಿತು. ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ ನಸರುಲ್ಲಾರ ಮಗಳು ಆಲಿಯಾಗೆ ಪಾಕಿಸ್ತಾನ.

"ನಂಗ್ಯಾಕೆ ಸಾರ್ ಪಾಕಿಸ್ತಾನ?"

"ಹಂಗೇನಿಲ್ಲಮ್ಮ. ನಿಂಗೆ ಉರ್ದು ಬರುತ್ತಲ್ಲ, ಅದಕ್ಕೆ."

"ನಮ್ಮೂರ ಪೇಪರ್‌ಟೌನಿಂದ ಬರೋ ಹುಡುಗ ಮನೇಲಿ ತಮಿಳು ಮಾತಾಡ್ತಾನೆ. ಅವನಿಗೆ ಶ್ರೀಲಂಕಾ ಕೊಡ್ಲಿಲ್ಲ, ಸ್ವಿಟ್ಜರ್ಲೆಂಡ್ ಕೊಟ್ರಿ."

ಮೇಷ್ಟ್ರು ತಾವೇ ಕಲಿಸಿದ ನಗೆ ನಕ್ಕು, "ಪರಿಶೀಲಿಸೋಣ" ಅಂದರು.

ಪರಿಶೀಲಿಸಲಿಲ್ಲ. ಹುಡುಗಿಯರೇ ತಮ್ಮತಮ್ಮಲ್ಲಿ ಮಾತಾಡಿಕೊಂಡು, ಸಮ್ಮೇಳನದ ದಿನ ಹೆಸರಿನ ಬೋರ್ಡು ಅದಲುಬದಲು ಮಾಡಿಕೊಂಡು ಕೂತರು. ಹಾರ ಹಾಕಿಸಿಕೊಂಡು ವೇದಿಕೆ ಹತ್ತಿದ ಹಾಲೇಶಪ್ಪನವರ ಕಣ್ಣು ಮೊದಲು ಹೋದದ್ದು ಮಗಳ ಬೋರ್ಡಿನ ಕಡೆಗೆ.

"ಏನ್ರೀ ಇದು ಯೋಗರಾಜ್! ಮೈಕ್ ಕೊಟ್ಟು, ಶಾಮಿಯಾನ ಹಾಕ್ಸಿದ್ದಕ್ಕೆ ನನ್ನ ಮಗಳನ್ನೇ ಪಾಕಿಸ್ತಾನ ಮಾಡಿಟ್ರಲ್ರೀ!"

"ಟೈಪಿಂಗ್ ಮಿಸ್ಟೇಕ್ ಸಾರ್" ಅಂದವರೇ ಮೇಷ್ಟ್ರು ಓಡಿಹೋಗಿ ಆಲಿಯಾಳ ಮುಂದಿದ್ದ ಬೋರ್ಡಿಗೆ ಕೈ ಹಾಕಿದರು. ಅವಳು ಬಿಡಲಿಲ್ಲ. ಮೇಷ್ಟ್ರೂ ಬಿಡಲಿಲ್ಲ. ಇನ್ನೂರು ಜನರೆದುರು ಭಾರತವನ್ನು ಆ ಕಡೆಯಿಂದೊಬ್ಬರು ಈ ಕಡೆಯಿಂದೊಬ್ಬರು ಎಳೆದಾಡಿದರು.

"ಅಪ್ಪಾ, ನಾನೇ ಕೇಳಿ ಇಸ್ಕೊಂಡಿದ್ದು, ಸುಮ್ನೆ ಕೂತ್ಕೊಳ್ಳಿ" ಎಂದು ಹೇಮಶ್ರೀ ಕೂಗಿದಳು. ಅಪ್ಪ ಕೂರಲಿಲ್ಲ. ಮಗಳ ಕೈ ಹಿಡಿದುಕೊಂಡು ಹೊರಟರು. ಅವರ ಹಿಂದೆ ಮೈಕೂ ಹೊರಟಿತು. ಆಲಿಯಾ ಬೋರ್ಡನ್ನು ಥಟ್ಟನೆ ಬಿಟ್ಟು, ಬ್ಯಾಗ್ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡ್ ಕಡೆ ನಡೆದಳು. ಮಿಕ್ಕ ದೇಶಗಳು ಉಪ್ಪಿಟ್ಟಿನ ಕಡೆ ಹೋದವು.

ಸುದ್ದಿ ಮೇಷ್ಟ್ರಿಗಿಂತ ಮೊದಲೇ ಮನೆ ಸೇರಿತ್ತು. "ಹದಿನೈದು ವರ್ಷದ ಹುಡ್ಗಿ ಕೈಯಿಂದ ಕಿತ್ಕೊಳ್ಳಕ್ಕೆ ಹೋದ್ರಂತೆ?" ಎಂದಷ್ಟೇ ಧನಲಕ್ಷ್ಮಿ ಕೇಳಿದರು. ಮೇಷ್ಟ್ರಿಗೆ ಊಟ ಸೇರಲಿಲ್ಲ.

ಮರುದಿನ ಭದ್ರಾವತಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಭಾಷಣ ಜೋಡಿಸಿಕೊಂಡರು. ಗ್ಯಾರೇಜಿನಲ್ಲಿ ಟೆಂಪೊ ಅಡಿಯಿಂದ ಹೊರಬಂದ ನಸರುಲ್ಲಾ, "ಬನ್ನಿ ಸಾರ್, ಕೂತ್ಕೊಳ್ಳಿ, ಸಮ್ಮೇಳನ ಜೋರಾಗಿ ಆಯ್ತಂತೆ!" ಎಂದು ಸ್ಟೂಲು ಒರೆಸಿ, ಟೀ ತರಿಸಿದರು. ಬೋರ್ಡಿನ ಎಳೆದಾಟದ ವಿಷಯವನ್ನು ಹುಡುಗಿ ಮನೆಯಲ್ಲಿ ಹೇಳಿರಲಿಲ್ಲ. ಮೇಷ್ಟ್ರಿಗೆ ಬೈಗುಳ ತಿಂದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸ್ಕೂಲಿನಿಂದ ಬಂದ ಆಲಿಯಾ ಎದುರು ನಿಂತಳು. ಮೇಷ್ಟ್ರು ಶುರುಮಾಡಿದರು: "ನೋಡಮ್ಮ, ನಿನ್ನೆ ಉಂಟಾದ ಪರಿಸ್ಥಿತಿಯಲ್ಲಿ, ಎರಡೂ ಕಡೆಯವರ ಭಾವನೆಗಳನ್ನು..."

"ಯಾವ ಎರಡು ಕಡೆ ಸಾರ್?"

ಜೋಡಿಸಿಕೊಂಡು ಬಂದ ಭಾಷಣವೆಲ್ಲ ಮರೆತುಹೋಗಿ, ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ತಪ್ಪಾಯ್ತಮ್ಮ."

"ಇದನ್ನ ನೀವು ಕ್ಲಾಸಲ್ಲಿ ಹೇಳ್ಕೊಡ್ಲೇ ಇಲ್ಲ ಸಾರ್" ಅಂದಳು ಆಲಿಯಾ. ಆಮೇಲೆ, "ಭಾನುವಾರ ಕ್ಲಾಸಿಗೆ ಬರ್ತೀನಿ. ಆದ್ರೆ ಇನ್ಮೇಲೆ ದೇಶ ಚೀಟಿ ಎತ್ತಿ ಕೊಡ್ಬೇಕು. ಆಗುತ್ತೋ, ಇಲ್ವೋ?"

"ಆಗುತ್ತೆ."

ಮುಂದಿನ ಭಾನುವಾರ ಬಂದದ್ದು ನಾಲ್ಕೇ ಜನ. ಹೇಮಶ್ರೀಯನ್ನು ಅಪ್ಪ ಕಳಿಸಲಿಲ್ಲ. ಮೇಷ್ಟ್ರು ಟಿಫಿನ್ ಡಬ್ಬಿಯಲ್ಲಿ ಚೀಟಿ ಹಾಕಿ ಅಲ್ಲಾಡಿಸಿದರು. ಆಲಿಯಾಗೆ ಬಂದದ್ದು ಫಿಜಿ.

"ಎಲ್ಲಿದೆ ಸಾರ್ ಇದು?"

ಮೇಷ್ಟ್ರು ನಗಲು ಹೋಗಿ ಸುಮ್ಮನಾದರು. "ಗೊತ್ತಿಲ್ಲಮ್ಮ. ತಡಿ, ಪಕ್ಕದ ಅಂಗಡೀಲಿ ಅಟ್ಲಾಸ್ ಇದ್ಯಾ ಕೇಳ್ಕೊಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು.