ಸದ್ದು ಮಾಡದ ನಾಲ್ಕು ಟೈರು

ಹೊಸ ಟೈರಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಹೊಸ ಚಪ್ಪಲಿಯ ಡಬ್ಬ ತೆರೆದಾಗ ಬರುವಂಥದ್ದೇ, ಅದಕ್ಕಿಂತ ಸ್ವಲ್ಪ ಗಾಢ. ಹೋದ ಶನಿವಾರ ಬೆಳಿಗ್ಗೆ ರಾಜಗೋಪಾಲನಗರದ ಬಾಷಾ ಅವರ ಟೈರ್ ಅಂಗಡಿಯಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನನಗೆ ಖುಷಿಯಾಗಬೇಕಿತ್ತು. ನಾಲ್ಕೂ ಚಕ್ರಕ್ಕೆ ಒಟ್ಟಿಗೇ ಹೊಸ ಟೈರು ಹಾಕಿಸುವುದು ನನ್ನಂಥ ಕೈಬಿಗಿಯ ಮನುಷ್ಯನ ಬಾಳಿನಲ್ಲಿ ಸಣ್ಣ ಸಂಗತಿಯೇನಲ್ಲ. ಆದರೆ ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು ಟೈರ್ ಅಂಗಡಿಯಲ್ಲಿ ನಿಂತು ಕಣ್ಣೊರೆಸಿಕೊಂಡರೆ ನೋಡಿದವರು ಬಿಲ್ಲು ನೋಡಿ ಅಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಹಾಗೇ ಅಂದುಕೊಳ್ಳಲಿ.

‘ಯಾವ ಥರದ್ದು ಬೇಕು ಸಾರ್? ಜಾಸ್ತಿ ಬಾಳಿಕೆ ಬರೋದಾ, ಮೈಲೇಜ್ ಕೊಡೋದಾ?’ ಎಂದು ಕೇಳಿದರು ಬಾಷಾ.

‘ಸದ್ದು ಮಾಡಬಾರದು, ಅಷ್ಟೇ. ಮಳೆ, ಬಿಸಿಲು ಎಲ್ಲಾದಕ್ಕೂ ಆಗ್ಬೇಕು.’

ಮುಂದಿನ ಭಾನುವಾರ ದಾಸರಹಳ್ಳಿಯ ಹುಡುಗನ ಮನೆಯವರು ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ, ಮಗಳ ಮದುವೆಯ ಮಾತು ನಡೆದಿದೆ, ಬೀಗರಾಗುವವರನ್ನು ಗೊರಗೊರ ಅನ್ನುವ ಕಾರಿನಲ್ಲಿ ಕೂರಿಸಿಕೊಂಡು ಓಡಾಡಿದರೆ ಚೆನ್ನಾಗಿರುವುದಿಲ್ಲ. ಮಗಳು ಚೈತ್ರಳಿಗೆ ನಾನು ಕೊಟ್ಟ ಕಾರಣ ಇದು. ಅವಳು ಜೊತೆಗೆ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದಳು. ಹದಿನೈದು ದಿನದಿಂದ ಅವಳ ಮುಖ ಸಪ್ಪಗಿತ್ತು. ಮದುವೆ ಹತ್ತಿರ ಬಂದಾಗ ಅಮ್ಮನ ನೆನಪಾಗುವುದು ಸಹಜ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ.

ಬಾಷಾ ಎರಡು ಟೈರು ಉರುಳಿಸಿಕೊಂಡು ಬಂದರು. ಒಂದರಲ್ಲಿ ನೆಲಕ್ಕೆ ತಾಗುವ ರಬ್ಬರ್ ತುಂಡುಗಳೆಲ್ಲ ಒಂದೇ ಅಳತೆಯವು. ಇನ್ನೊಂದರಲ್ಲಿ ಸಣ್ಣದು, ದೊಡ್ಡದು ಬೆರೆತಿದ್ದವು. ‘ಎಲ್ಲಾ ಒಂದೇ ಸೈಜ್ ಇದ್ರೆ ಒಂದೇ ರಾಗ ಹೊಡೀತದೆ ಸಾರ್. ಸಣ್ಣದು ದೊಡ್ಡದು ಇದ್ರೆ ಸದ್ದು ಒಡೆದೋಗ್ತದೆ. ಇದೇ ತಗೊಳ್ಳಿ’ ಎಂದರು. ಆಮೇಲೆ ಬಿಚ್ಚಿಟ್ಟ ನನ್ನ ಹಳೇ ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿ, ನನ್ನ ಕೈಯನ್ನೂ ಹಿಡಿದು ಅದರ ಮೇಲೆ ಎಳೆದರು. ಒಂದು ಕಡೆಯಿಂದ ಸವರಿದರೆ ನುಣುಪು, ಇನ್ನೊಂದು ಕಡೆಯಿಂದ ಸವರಿದರೆ ಗರಗಸ.

‘ಈ ಗಾಡೀನ ಎಳೆಯೋದು ಮುಂದಿನ ಚಕ್ರ. ಭಾರ ಎಲ್ಲಾ ಮುಂದೆ. ಹಿಂದಿನದು ಸುಮ್ನೆ ಉರುಳ್ತಾ ಇರ್ತದೆ. ಆಗಾಗ ಹಿಂದೆ ಮುಂದೆ ಬದಲಾಯಿಸ್ಲಿಲ್ಲ ಅಂದ್ರೆ ಹಿಂದಿನದು ಇಂಗೆ ಹಲ್ಲು ಹಲ್ಲು ಆಗೋಗ್ತದೆ. ಬದಲಾಯಿಸ್ಲೇ ಇಲ್ವಾ ನೀವು?’

‘ಇಲ್ಲ.’

‘ಅಯ್ಯೋ ಸಾರ್! ಎಷ್ಟು ಸದ್ದು ಬರ್ತಿತ್ತೋ ಏನೋ. ಪಕ್ಕದಲ್ಲಿ ಕೂತೋರು ಮಾತಾಡೋದಾದ್ರೂ ಕೇಳ್ತಿತ್ತಾ ನಿಮಗೆ?’

ಅವರು ಹಾಗೆ ಕೇಳಿದ್ದಕ್ಕೇ ಅಳು ಬಂದದ್ದು. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಬೇಸರ ಮಾಡಿಕೊಳ್ಳಬೇಡಿ.

ನಾನು ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ತಗಡಿನ ಹಾಳೆಯ ಮೇಲೆ ಟನ್ನುಗಟ್ಟಲೆ ಭಾರದ ಅಚ್ಚು ಬಂದು ಬಡಿಯುತ್ತದೆ, ಒಂದು ಬಡಿತಕ್ಕೆ ಒಂದು ಸಾಮಾನು. ಹಾಗೆ ದಿನವಿಡೀ ಹನ್ನೆರಡು ಮೆಷಿನ್ನು. ಕಿವಿಗೆ ಇಟ್ಟುಕೊಳ್ಳಿ ಎಂದು ಕಂಪನಿಯವರು ಹಳದಿ ಬಿರಡೆ ಕೊಡುತ್ತಿದ್ದರು. ಅವು ನಮ್ಮ ಜೇಬಿನಲ್ಲೇ ಇರುತ್ತಿದ್ದವು, ಸೇಫ್ಟಿ ಸಾಹೇಬರು ಬಂದಾಗ ಮಾತ್ರ ಕಿವಿಗೆ ಏರುತ್ತಿದ್ದವು. ಯಾಕೆ ಗೊತ್ತೇ? ಜಂಬ. ಅಚ್ಚಿನ ಅಂಚು ಮೊಂಡಾಗಿದ್ದರೆ ಬಡಿತದ ಸದ್ದಿನಲ್ಲೇ ಗೊತ್ತಾಗಬೇಕು, ಹಾಗೆ ಗೊತ್ತಾದವನೇ ಕೆಲಸಗಾರ. ನಾನು ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಏಳನೇ ಮೆಷಿನ್ನಿನ ಅಚ್ಚು ಹೋಗಿದೆ ಎಂದು ಹೇಳುತ್ತಿದ್ದೆ. ‘ಗುರು, ನಿನ್ನ ಕಿವೀಗೆ ಬಂಗಾರದ ಓಲೆ ಹಾಕ್ಬೇಕು’ ಎನ್ನುತ್ತಿದ್ದರು ಜೊತೆಯವರು. ಆ ಹೊಗಳಿಕೆಗೆ ಉಬ್ಬಿ ಉಬ್ಬಿಯೇ ಕಿವಿ ಹಾಳು ಮಾಡಿಕೊಂಡೆ. ಅದರಲ್ಲೂ ಮೆಷಿನ್ನಿನ ಕಡೆಗಿದ್ದ ಎಡಗಿವಿ.

ಪೂರ್ತಿ ಕೇಳುವುದಿಲ್ಲ ಅಂತಲ್ಲ. ಲಾರಿ, ಮಿಕ್ಸಿ, ಗುಡುಗು ಎಲ್ಲ ಕೇಳುತ್ತದೆ. ಮಾತಿನ ಸಣ್ಣ ಸಣ್ಣ ಅಂಚುಗಳು ಬೀಳುವುದಿಲ್ಲ, ಅದರಲ್ಲೂ ಹೆಂಗಸರ ಮೆಲುದನಿ. ಎದುರಿಗೆ ಮುಖ ಇದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಆ ವಿದ್ಯೆ ಪ್ರೆಸ್ ಶಾಪಿನಲ್ಲಿ ಎಲ್ಲರಿಗೂ ಬರುತ್ತದೆ. ಅದರ ಜೊತೆಗೇ ಇನ್ನೊಂದು ಚಾಳಿಯೂ ಅಂಟಿಕೊಳ್ಳುತ್ತದೆ: ಯಾರಾದರೂ ಬಾಯಿ ಆಡಿಸಿದರೆ ಮೊದಲು ತಲೆ ಅಲ್ಲಾಡಿಸಿ ಹ್ಞೂಂ ಎನ್ನುವುದು, ಏನು ಹೇಳಿದರು ಎಂದು ಆಮೇಲೆ ಯೋಚಿಸುವುದು. ಅಲ್ಲಿ ಅದು ನಡೆಯುತ್ತಿತ್ತು. ಅಲ್ಲಿ ಯಾರಾದರೂ ಹೇಳುವುದಾದರೂ ಏನು? ಟೀ ಬಂತು ಅಂತಲೋ ತಗಡು ಮುಗಿಯಿತು ಅಂತಲೋ, ಅಷ್ಟೇ.

ನನ್ನ ಹೆಂಡತಿ ಪದ್ಮಳಿಗೆ ಇದನ್ನು ಹೇಳಲಿಲ್ಲ. ಬಂಗಾರದ ಓಲೆಯ ಕಿವಿಯವನು ಕಿವುಡ ಎಂದು ಯಾವ ಬಾಯಲ್ಲಿ ಹೇಳಲಿ? ಮನೆಯಲ್ಲಿ ಹೇಗೋ ನಡೆದುಹೋಗುತ್ತಿತ್ತು, ಅವಳ ಮುಖ ಕಾಣುತ್ತಿತ್ತಲ್ಲ. ಕಾರಿನಲ್ಲಿ ಮಾತ್ರ ನಾನು ರಸ್ತೆ ನೋಡಬೇಕು, ಅವಳು ನನ್ನ ಎಡಕ್ಕೆ ಕೂರಬೇಕು.

ಅವಳಿಗೆ ಮಾತಾಡಲು ಸಿಗುತ್ತಿದ್ದ ಜಾಗವೂ ಕಾರೇ. ಮನೆಯಲ್ಲಿ ನಮ್ಮಮ್ಮ, ಮೇಲಿನ ಬಾಡಿಗೆಯವರು, ಟೀವಿ. ತಿಂಗಳಿಗೆ ಎರಡು ಭಾನುವಾರ ಸಿಂಗಸಂದ್ರದ ಅವಳ ತವರಿಗೆ ಹೋಗುತ್ತಿದ್ದೆವು. ಆ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಹಿಂದಿನ ಚಕ್ರದ ಗುಂಯ್ ಸದ್ದು ನನಗೂ ಕೇಳುತ್ತಿತ್ತು, ಅದರ ಜೊತೆಗಿದ್ದ ಅವಳ ದನಿ ಕೇಳುತ್ತಿರಲಿಲ್ಲ. ನಾನು ಹ್ಞೂಂ ಹ್ಞೂಂ ಎನ್ನುತ್ತಾ ಗೇರ್ ಬದಲಾಯಿಸುತ್ತಿದ್ದೆ. ‘ನಮ್ಮನೆಯವ್ರು ಒಂದಕ್ಕೂ ಅಡ್ಡಮಾತಾಡಲ್ಲ ಕಣೇ, ಎಲ್ಲಾ ಕೇಳಿಸ್ಕೋತಾರೆ’ ಎಂದು ತಂಗಿಯ ಮುಂದೆ ಹೊಗಳಿಕೊಳ್ಳುತ್ತಿದ್ದಳು. ಅದನ್ನು ಎದುರಿಗೆ ಕೂತು ನೋಡಿದ್ದರಿಂದ ಪೂರ್ತಿ ಕೇಳಿಸಿತ್ತು. ಒಳಗೊಳಗೇ ಹೆಮ್ಮೆಪಟ್ಟೆ, ನೋಡಿ ನನ್ನ ಯೋಗ್ಯತೆ.

ಒಂದು ಮಾತು ಮಾತ್ರ ಪದೇ ಪದೇ, ಜೋರಾಗಿ ಹೇಳುತ್ತಿದ್ದಳು. ‘ರೀ, ಈ ಟೈರ್ ಬದಲಾಯಿಸ್ರೀ, ಮಾತೇ ಕೇಳ್ಸಲ್ಲ.’ ‘ಇನ್ನೂ ಗ್ರಿಪ್ ಇದೆ ಸುಮ್ನಿರು’ ಎನ್ನುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಅವಳಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ನನಗೆ ಅದು ತಿಳಿದದ್ದು ಅವಳು ಬಟ್ಟೆ ಒಣಹಾಕುವಾಗ ಕೈ ಎತ್ತಲಾಗದೆ ಕುಸಿದ ದಿನ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಗದರಿದರು. ಪದ್ಮ ನಿಧಾನವಾಗಿ ಹೇಳಿದಳು: ‘ನಾಲ್ಕು ತಿಂಗಳ ಹಿಂದೇನೇ ಇವರಿಗೆ ಹೇಳಿದ್ದೆ ಡಾಕ್ಟ್ರೇ, ಕಾರಲ್ಲಿ. ಮಗಳ ಪರೀಕ್ಷೆ ಮುಗೀಲಿ, ಆಮೇಲೆ ತೋರಿಸೋಣ ಅಂದೆ. ಇವರೂ ಹ್ಞೂಂ, ಆಯ್ತು ಅಂದ್ರು. ಅಲ್ವೇನ್ರೀ?’

ಅವಳು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತಿದ್ದಳು. ಆ ಸಲ ಒಂದೊಂದು ಅಕ್ಷರವೂ ತಿಳಿಯಿತು. ನನಗೆ ಕೇಳಿಸಿಯೇ ಇರಲಿಲ್ಲ ಪದ್ಮ, ಕೇಳಿಸಿದ್ದರೆ ಆವತ್ತೇ ಕಾರು ತಿರುಗಿಸುತ್ತಿದ್ದೆ ಎಂದು ಕಿರುಚಬೇಕು ಅನ್ನಿಸಿತು. ಹಾಗೆ ಹೇಳಿದರೆ ಅಷ್ಟು ವರ್ಷದ ಭಾನುವಾರಗಳ ಮಾತೆಲ್ಲ ಗಾಳಿಗೆ ಹೋಯಿತು ಎಂದು ಅವಳಿಗೆ ತಿಳಿಯುತ್ತಿತ್ತು. ಗಂಡ ಎಲ್ಲ ಕೇಳಿಸಿಕೊಂಡಿದ್ದಾನೆ ಎನ್ನುವ ಒಂದು ನೆಮ್ಮದಿ ಅವಳಿಗಿತ್ತು. ಅದನ್ನೂ ಕಿತ್ತುಕೊಳ್ಳಲೇ? ಹೀಗೆ ನನಗೆ ನಾನೇ ಹೇಳಿಕೊಂಡೆ. ಹೇಡಿತನ ಎಂದರೂ ಸರಿಯೇ. ಡಾಕ್ಟರ ಮುಂದೆ ತಲೆ ಅಲ್ಲಾಡಿಸಿ ‘ಹ್ಞೂಂ’ ಎಂದೆ. ಅವಳು ಆಮೇಲೆ ಒಂಬತ್ತು ತಿಂಗಳು ಇದ್ದಳು. ನಾನು ಹೇಳಲಿಲ್ಲ.

ಆಗಿನಿಂದ ಆ ಟೈರುಗಳ ಮೇಲೆ ನನಗೆ ಹಾಳು ಸಿಟ್ಟು. ಬದಲಾಯಿಸಲು ಮನಸ್ಸು ಬರುತ್ತಿರಲಿಲ್ಲ, ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ. ಅವು ಸದ್ದು ಮಾಡದಿದ್ದರೆ ಅವಳ ಮಾತು ನನಗೆ ಕೇಳಿಸುತ್ತಿತ್ತು ಎಂದು ಮೂರು ವರ್ಷ ನಂಬಿಕೊಂಡು ಬಂದೆ. ತಪ್ಪು ಟೈರಿನದು. ಎಷ್ಟು ಸುಲಭ ನೋಡಿ, ಅದಕ್ಕೆ ಬಾಯಿಲ್ಲ.

ಬಾಷಾ ನಾಲ್ಕೂ ಟೈರು ಹಾಕಿ, ಅಲೈನ್‌ಮೆಂಟ್ ನೋಡಿ, ‘ಈಗ ಓಡಿಸಿ ನೋಡಿ ಸಾರ್, ಮನೇಲಿ ಕೂತಂಗೆ ಇರ್ತದೆ’ ಎಂದು ಬೀಳ್ಕೊಟ್ಟರು. ನಿಜವೇ. ಪೀಣ್ಯದ ಕಡೆಯ ರಸ್ತೆಗೆ ಬರುವಷ್ಟರಲ್ಲಿ ಗೊತ್ತಾಯಿತು, ಆ ಗುಂಯ್ ಇಲ್ಲವೇ ಇಲ್ಲ. ಸ್ಟೀರಿಂಗ್ ಹಿಡಿದ ಬೆರಳುಗಳಲ್ಲಿ ನಡುಕವಿಲ್ಲ. ಚೈತ್ರ ಈಗ ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಪದ್ಮ ಕೂರುತ್ತಿದ್ದ ಸೀಟಿನಲ್ಲೇ ಕುಳಿತಿದ್ದಳು, ದನಿಯೂ ಅಮ್ಮನದೇ.

ಕಣ್ಣಂಚಿನಲ್ಲಿ ಅವಳ ತುಟಿ ಆಡಿದ್ದು ಕಾಣಿಸಿತು.

ಕೇಳಿಸಲಿಲ್ಲ. ಇಷ್ಟು ಮೆತ್ತಗಿನ ಟೈರಿನ ಮೇಲೆ ಕೂತರೂ, ಗಾಜು ಏರಿಸಿದ ಕಾರಿನ ಒಳಗೆ, ಒಂದು ಮೊಳ ದೂರದಿಂದ ಮಗಳು ಆಡಿದ ಮಾತು ಗೊಜಗೊಜ ಎಂದು ಬಂದು ಹೋಯಿತು. ಟೈರಿನ ತಪ್ಪು ಯಾವತ್ತೂ ಇರಲಿಲ್ಲ. ಅಷ್ಟರಲ್ಲಿ ನನ್ನ ತಲೆ ತಾನಾಗಿಯೇ ಹ್ಞೂಂ ಎನ್ನಲು ಕೆಳಕ್ಕೆ ಬರುತ್ತಿತ್ತು. ತಡೆದೆ. ಇಂಡಿಕೇಟರ್ ಹಾಕಿ, ಬೀಗ ಜಡಿದ ಒಂದು ಶೆಡ್ಡಿನ ಮುಂದೆ ಕಾರನ್ನು ಎಡಕ್ಕೆ ನಿಲ್ಲಿಸಿದೆ.

‘ಚೈತ್ರ, ನಂಗೆ ಕೇಳ್ಸಲ್ಲಮ್ಮ’ ಎಂದೆ. ‘ಈಗ ನೀನಂದಿದ್ದೂ ಕೇಳ್ಲಿಲ್ಲ. ವರ್ಷಾನುಗಟ್ಟಲೆಯಿಂದ ಕೇಳ್ತಿಲ್ಲ. ನಿಮ್ಮಮ್ಮ ಗಂಟು ಇದೆ ಅಂತ ಇದೇ ಸೀಟಲ್ಲಿ ಕೂತು ಹೇಳಿದ್ಲಲ್ಲ, ಅದೂ ಕೇಳಿರ್ಲಿಲ್ಲ. ಸುಮ್ನೆ ಹ್ಞೂಂ ಅಂದಿದ್ದೆ.’

ಅವಳು ನನ್ನನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವಳ ಕಣ್ಣು ತುಂಬಿದವು.

‘ಅಮ್ಮಂಗೆ ಗೊತ್ತಿತ್ತಾ?’

‘ಇಲ್ಲ. ಹೇಳೋಕ್ಕೆ ಧೈರ್ಯ ಬರ್ಲಿಲ್ಲ.’

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

‘ಹಂಗಾದ್ರೆ ಹದಿನೈದು ದಿನದ ಹಿಂದೆ ಸಿಂಗಸಂದ್ರದ ಅಜ್ಜಿ ಮನೆಯಿಂದ ಬರ್ತಾ ನಾನು ಹೇಳಿದ್ದೂ ಕೇಳ್ಲಿಲ್ವಾ ಅಪ್ಪಾ? ಆ ದಾಸರಹಳ್ಳಿ ಹುಡುಗ ನಂಗೆ ಬೇಡ ಅಂದೆ. ಯಾಕೆ ಬೇಡ ಅಂತ ದಾರಿಯುದ್ದಕ್ಕೂ ಹೇಳ್ದೆ. ನೀನು ಹ್ಞೂಂ, ಆಯ್ತು ಅಂದೆ. ಮಾರನೇ ದಿನಾನೇ ಅವರಿಗೆ ಫೋನ್ ಮಾಡಿ ಊಟಕ್ಕೆ ಕರ್ದೆ. ನನ್ನ ಮಾತು ನಿಂಗೆ ಲೆಕ್ಕಕ್ಕೇ ಇಲ್ಲ ಅಂದ್ಕೊಂಡೆ.’

ನಾನು ಎಂಜಿನ್ ಆರಿಸಿದೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ, ಅವಳ ತುಟಿ ಚೆನ್ನಾಗಿ ಕಾಣಲಿ ಎಂದು.

‘ಇನ್ನೊಂದ್ಸಲ ಹೇಳಮ್ಮ. ಮೊದಲಿಂದ ಹೇಳು.’

ಅವಳು ಸೀಟ್ ಬೆಲ್ಟ್ ಬಿಚ್ಚಿ, ಪೂರ್ತಿ ನನ್ನ ಕಡೆ ತಿರುಗಿ ಕುಳಿತು, ಮೊದಲಿನಿಂದ ಹೇಳತೊಡಗಿದಳು. ನಾನು ತಲೆ ಅಲ್ಲಾಡಿಸಲಿಲ್ಲ.