ಬೈಂದೂರಿನಿಂದ ಒಳಗೆ ಬರುವ ದಾರಿ

ತಂಗಿಯ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಬೈಂದೂರಿನ ಗಂಡನ ಮನೆಗೆ ಬಂದ ಮೇಲೆ ಅವಳು ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಭಾವ ಮುಂಬೈಯಲ್ಲಿ ಹೋಟೆಲ್ ನಡೆಸುವವರು. ಸ್ವಲ್ಪ ದಿನ ಜೊತೆಗಿದ್ದು, ಮನಸ್ಸಿಲ್ಲದ ಮನಸ್ಸಿನಿಂದ ಹಿಂದಿರುಗಿದ್ದರು. ನಾನು ಕೋಟದಿಂದ ಬಸ್ಸು ಹತ್ತಿ ನೋಡಲು ಹೋದರೆ ಅವಳ ಅತ್ತೆ ಚಾ ತಂದುಕೊಡುತ್ತಿದ್ದರು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಮಳೆ ಜೋರು, ಬಸ್ಸು ತಡ ಎಂದೇನೋ ಹೇಳಿ ಎದ್ದುಬರುತ್ತಿದ್ದೆ.

ಒಂದು ದಿನ ಅವಳಿಂದಲೇ ಮೆಸೇಜು ಬಂತು. ಮದುವೆಗೆ ಮುಂಚೆ ಒಂದೇ ಕಂಪ್ಯೂಟರಿನ ಮುಂದೆ ಸರದಿಗಾಗಿ ಕಿತ್ತಾಡುತ್ತ ನಾವು ಆಡುತ್ತಿದ್ದ ಆಟವೊಂದಿತ್ತು. ಚೌಕ ಚೌಕ ಕಲ್ಲು ಜೋಡಿಸಿ ಮನೆ, ಊರು ಕಟ್ಟುವುದು. ಅದನ್ನು ಅಲ್ಲಿಂದ ಅವಳು, ಇಲ್ಲಿಂದ ನಾನು ಆಡಬಹುದೇ ಎಂದು ಕೇಳಿದ್ದಳು. ಗುರುತಿಲ್ಲದವರು ಬಂದು ಸೇರುವ ಕಡೆ ಬೇಡ, ನಾವಿಬ್ಬರೇ ಸಾಕು ಎಂದೂ ಬರೆದಿದ್ದಳು.

ನನ್ನದು ಫೋಟೋ ಸ್ಟುಡಿಯೋ. ಮದುವೆ ಆಲ್ಬಂ ಮಾಡಿ ಮಾಡಿ ಸುಸ್ತಾಗಿದ್ದ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಆ ಆಟದ ಸರ್ವರ್, ಅಂದರೆ ಇಬ್ಬರೂ ಬಂದು ಸೇರುವ ಜಾಗ, ಮಾಡಿದೆ. ಹೊರಗಿನಿಂದ ಬಂದವರನ್ನು ಮನೆಯೊಳಗಿನ ಯಾವ ಯಂತ್ರದ ಹತ್ತಿರ ಕಳಿಸಬೇಕೆಂದು ರೌಟರ್‌ಗೆ ನಾವೇ ಹೇಳಿಕೊಡಬೇಕು. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಓದಿಕೊಂಡು ಅದನ್ನೂ ಮಾಡಿದೆ. ಮನೆಯ ವೈಫೈಯಲ್ಲಿ ಆಟ ತೆರೆಯಿತು. ಬೈಂದೂರಿನಲ್ಲಿ ತೆರೆಯಲಿಲ್ಲ.

ಆಗ ಅವಳು ಫೋನು ಎತ್ತಲೇಬೇಕಾಯಿತು.

"ಮಾತಾಡುಕೆ ಮನ್ಸಿಲ್ದಿರೆ ಬೇಡ," ಎಂದೆ. "ಒಳ್ಗ್ ಬಂತಾ ಇಲ್ಲ್ಯಾ ಅಂತ ಮಾತ್ರ ಹೇಳ್."

"ಬತ್ತಿಲ್ಲೆ," ಎಂದಳು.

ರೌಟರಿನಲ್ಲಿ ಬರೆದ ನಿಯಮವನ್ನು ಅಳಿಸಿ ಮತ್ತೆ ಬರೆದೆ. ಕಂಪ್ಯೂಟರಿನಲ್ಲಿ ಹೊರಗಿನವರನ್ನು ತಡೆಯುವ ಫೈರ್‌ವಾಲ್‌ನಲ್ಲಿ ಆಟಕ್ಕೆ ಅನುಮತಿ ಕೊಟ್ಟೆ. ಮಧ್ಯಾಹ್ನ ಸ್ಟುಡಿಯೋಕ್ಕೆ ಬಾಗಿಲು ಹಾಕಿ ಬಂದು ಒಂದೊಂದನ್ನೇ ಬದಲಿಸುವುದು, ಅವಳಿಗೆ ಫೋನು ಮಾಡುವುದು, ಬತ್ತಿಲ್ಲೆ ಎಂದು ಕೇಳಿಸಿಕೊಳ್ಳುವುದು. ಹೀಗೇ ನಡೆಯಿತು. ರೌಟರ್ ಆರಿಸಿ ಹೊತ್ತಿಸಿದಾಗಲೆಲ್ಲ ಅದು ಎಚ್ಚರಾಗುವವರೆಗೆ ಇಬ್ಬರೂ ಸುಮ್ಮನೆ ಫೋನು ಹಿಡಿದುಕೊಂಡಿರಬೇಕು. ಅಂಥದೊಂದು ಮೌನದಲ್ಲಿ ಅವಳು ಹೇಳಿದಳು:

"ಹೆಣ್ಣಾದ್ರೆ ಎಂತ ಹೆಸ್ರ್ ಅಂತ ನಾವ್ ಮಾತಾಡ್ಕಂಡಿತ್, ಅಣ್ಣ."

ರೌಟರಿನ ದೀಪಗಳು ಹೊತ್ತಿಕೊಂಡವು. ಹೊತ್ತಿದವು ಎಂದು ನಾನು ಹೇಳಲಿಲ್ಲ. ಅವಳು ಅತ್ತಳು. ತೊಟ್ಟಿಲು ತರುವ ಮಾತಾಗಿದ್ದನ್ನು, ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಕೂಸು ಅಳುವಾಗ ತಾನು ಕಿವಿ ಮುಚ್ಚಿಕೊಂಡಿದ್ದನ್ನು ಹೇಳಿದಳು. ನಾನು ಹೂಂ ಎನ್ನುತ್ತಿದ್ದೆ, ಅಷ್ಟೆ. ಆಮೇಲೆ ಮೂಗು ಒರೆಸಿಕೊಂಡು, "ಎಲ್ಲ ಧೈರ್ಯ ಹೇಳುಕೆ ಫೋನ್ ಮಾಡ್ತ್ರ್. ನೀನೊಬ್ಬ ಕಾಣ್, ಬಂತಾ ಬಂತಾ ಅಂಬ್ದ್," ಎಂದಳು. ಅವಳ ದನಿಯಲ್ಲಿ ಸಣ್ಣ ನಗು ಇತ್ತು.

ಕೊನೆಗೆ ತೊಂದರೆ ಕಣ್ಣಿಗೆ ಬಿದ್ದದ್ದು ಇಂಟರ್ನೆಟ್ಟಿನಲ್ಲಿ ನನ್ನ ಮನೆಯನ್ನು ಗುರುತಿಸುವ ಅಂಕಿಗಳ ವಿಳಾಸವನ್ನು ಎರಡು ಕಡೆ ನೋಡಿ ಹೋಲಿಸಿದಾಗ. ರೌಟರಿನ ಪುಟದಲ್ಲಿದ್ದ ಹೊರಗಿನ ವಿಳಾಸವೇ ಬೇರೆ, ಇಂಟರ್ನೆಟ್ಟಿನಲ್ಲಿ ಕೇಳಿದರೆ ನನ್ನದೆಂದು ತೋರಿಸುವ ವಿಳಾಸವೇ ಬೇರೆ. ನಮಗೆ ಇಂಟರ್ನೆಟ್ ಕೊಡುವ ಕೇಬಲ್‌ನವರಲ್ಲಿಗೆ ಹೋಗಿ ಕೇಳಿದೆ. ಹೌದು, ಸುತ್ತಲಿನ ಮನೆಗಳನ್ನೆಲ್ಲ ಒಂದೇ ವಿಳಾಸದ ಹಿಂದೆ ಇಟ್ಟಿದ್ದೇವೆ ಎಂದರು. ನಾನು ನನ್ನ ಮನೆಯ ಬಾಗಿಲು ತೆರೆದು ಕಾದಿದ್ದೆ, ತಂಗಿ ಎಲ್ಲ ಮನೆಗಳಿಗೂ ಸೇರಿದ ಹೊರಗಿನ ಗೇಟಿನಲ್ಲೇ ನಿಂತಿದ್ದಳು. ನನಗೊಂದು ಬೇರೆ ವಿಳಾಸ ಬೇಕೆಂದೆ. ಏತಕ್ಕೆ ಎಂದು ಕೇಳಿದರು. ತಂಗಿ ಬರಬೇಕು ಎಂದೆ. ಅವರು ಮತ್ತೇನೂ ಕೇಳದೆ ವ್ಯವಸ್ಥೆ ಮಾಡಿಕೊಟ್ಟರು.

ಹೊಸ ವಿಳಾಸ ಕಳಿಸಿದ ದಿನ ಪರದೆಯ ಮೇಲೆ ಅವಳ ಹೆಸರು ಮೂಡಿತು. ಹುಲ್ಲಿನ ಮೇಲೆ ಒಂದು ಚೌಕ ತಲೆಯ ಗೊಂಬೆ ನಿಂತು ಸುತ್ತ ನೋಡುತ್ತಿತ್ತು.

"ಬಂದೆ," ಎಂದಳು ಫೋನಿನಲ್ಲಿ.

ಆ ಮಳೆಗಾಲವೆಲ್ಲ ಮಧ್ಯಾಹ್ನ ಆಡಿದೆವು. ಹೊಳೆಯ ಬದಿಯಲ್ಲಿ ಅವಳು ದೊಡ್ಡದೊಂದು ಮನೆ ಎಬ್ಬಿಸಿದಳು. ಭಾವನೂ ಹೋಟೆಲಿನಲ್ಲಿ ಊಟದ ಗದ್ದಲ ಇಳಿದ ಮೇಲೆ ಮುಂಬೈಯಿಂದ ಆಟಕ್ಕೆ ಬರತೊಡಗಿದರು. ಆಡಲು ಬಾರದೆ ಮತ್ತೆ ಮತ್ತೆ ಹೊಳೆಗೆ ಬೀಳುತ್ತಿದ್ದರು, ಅವಳು ಬೈದು ಮೇಲೆ ಹತ್ತಿಸುತ್ತಿದ್ದಳು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಅವಳು ಬರಲಿಲ್ಲ. ನನಗೆ ಗಾಬರಿಯಾಯಿತು. ಸಂಜೆ ಅವಳೇ ಫೋನು ಮಾಡಿದಳು: ಪಕ್ಕದ ಮನೆಯವರೊಟ್ಟಿಗೆ ಸೀರೆ ತರಲು ಕುಂದಾಪುರಕ್ಕೆ ಹೋಗಿದ್ದಳಂತೆ, ಆಟದ ನೆನಪೇ ಆಗಲಿಲ್ಲವಂತೆ. ಯಾವ ಬಣ್ಣದ ಸೀರೆ ಎಂದು ಕೇಳಿದೆ. ಅವಳು ಬಹಳ ಹೊತ್ತು ಹೇಳಿದಳು.